ಮಸ್ಕಿಯ ಬಂಡೆ, ಮಸ್ಕಿಯ ಮತ

ಮಸ್ಕಿಯ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಅದನ್ನು ಬೆಳಕಿಗೆ ತಂದರು. ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ಇನ್ನೊಂದು ಸಂಗತಿಯನ್ನೂ ಹೇಳುತ್ತಿದ್ದೆ: ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಕಳೆಯಿತೆಂದು ಅರಸನು ಅಲ್ಲಿ ತಾನೇ ಸಾರಿದ್ದಾನೆ. ನಿಷ್ಠೆ ಬದಲಾದುದನ್ನು ಅವನು ಮುಚ್ಚಿಡಲಿಲ್ಲ, ಕಲ್ಲಿನಲ್ಲಿ ಕೊರೆಯಿಸಿದ.

ಇದೇ ಊರಿನ ಇತ್ತೀಚಿನ ಚರಿತ್ರೆ ನನಗೆ ಆ ಬಂಡೆಯನ್ನು ನೆನಪಿಸುತ್ತದೆ. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಮಸ್ಕಿ ವಿಧಾನಸಭಾ ಕ್ಷೇತ್ರದ ಮೊದಲ ಚುನಾವಣೆ ನಡೆದದ್ದು 2008ರಲ್ಲಿ. ಆಗ ಗೆದ್ದವರು ಭಾರತೀಯ ಜನತಾ ಪಕ್ಷದ ಪ್ರತಾಪಗೌಡ ಪಾಟೀಲರು. 2013ರಲ್ಲಿ ಅವರು ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. 2018ರಲ್ಲಿಯೂ ಕಾಂಗ್ರೆಸ್ಸಿನಿಂದಲೇ ಗೆದ್ದರು. ಅಂತರ ಕೇವಲ 213 ಮತ. ಸೋತವರು ಭಾಜಪದ ಬಸನಗೌಡ ತುರ್ವಿಹಾಳರು.

2019ರ ಜುಲೈಯಲ್ಲಿ ಪಾಟೀಲರು ಇತರ ಶಾಸಕರೊಡನೆ ರಾಜೀನಾಮೆಯಿತ್ತರು. ಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿಯಿತಾದರೂ ಮರಳಿ ಸ್ಪರ್ಧಿಸಲು ಅವಕಾಶವಿತ್ತಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. 2018ರ ಫಲಿತಾಂಶದ ತಕರಾರು ಅರ್ಜಿ ಇತ್ಯರ್ಥವಾಗದಿದ್ದುದರಿಂದ ಮಸ್ಕಿ ಕಾಯಬೇಕಾಯಿತು. ಹೀಗೆ 21 ತಿಂಗಳು ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. 5ಎ ಕಾಲುವೆಯ ನೀರಿಗಾಗಿ ರೈತರು ಧರಣಿ ಕುಳಿತದ್ದೂ ಈ ಅವಧಿಯಲ್ಲಿಯೇ.

2021ರ ಏಪ್ರಿಲ್ 17ರಂದು ಮತದಾನವಾಯಿತು. ಹಳೆಯ ಎದುರಾಳಿಗಳಿಬ್ಬರೂ ಮತ್ತೆ ಎದುರುಬದುರಾಗಿದ್ದರು. ಪಕ್ಷಗಳು ಮಾತ್ರ ಅದಲುಬದಲಾಗಿದ್ದವು. ಕಾಂಗ್ರೆಸ್ಸಿನ ತುರ್ವಿಹಾಳರು 30 ಸಾವಿರಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. 2023ರಲ್ಲಿಯೂ ಅವರೇ ಆಯ್ಕೆಯಾದರು.

ಇದನ್ನು ಪಕ್ಷಾಂತರಕ್ಕೆ ಸಿಕ್ಕ ಶಿಕ್ಷೆಯೆಂದು ಬಣ್ಣಿಸುವವರುಂಟು. ನನಗೆ ಅದು ಪೂರ್ತಿ ಒಪ್ಪಿಗೆಯಾಗದು. ಗೆದ್ದವರೂ ಪಕ್ಷ ಬದಲಿಸಿದವರೇ ತಾನೆ? ಪಾಟೀಲರನ್ನೇ 2013ರಲ್ಲಿ ಹೊಸ ಪಕ್ಷದಲ್ಲಿ ಜನ ಗೆಲ್ಲಿಸಿರಲಿಲ್ಲವೆ? ಪಕ್ಷ ಬಿಟ್ಟ ಮಾತ್ರಕ್ಕೆ ಯಾರೂ ದ್ರೋಹಿಯಾಗುವುದಿಲ್ಲ. ಚರ್ಚಿಲ್ಲರು 1904ರಲ್ಲಿ ಮುಕ್ತ ವ್ಯಾಪಾರದ ಪ್ರಶ್ನೆಗಾಗಿ ಕನ್ಸರ್ವೇಟಿವ್ ಪಕ್ಷ ತೊರೆದು ಲಿಬರಲ್ಲರನ್ನು ಸೇರಿದರು. ಸ್ಕಾಟ್ಲೆಂಡಿನ ಡಂಡೀ ನಗರ 1908ರಿಂದ ಅವರನ್ನು ಆರಿಸಿತು, 1922ರಲ್ಲಿ ಸೋಲಿಸಿತು. 1924ರಲ್ಲಿ ಅವರು ಹಳೆಯ ಪಕ್ಷದತ್ತಲೇ ಮರಳಿದರು.

ಅವಧಿ ಮುಗಿದ ಮೇಲೆ ಹೊಸ ಬಾವುಟ ಹಿಡಿದು ಜನರೆದುರು ಬರುವುದು ಒಂದು. ಜನ ಕೊಟ್ಟ ಮತವನ್ನು ನಡುವೆಯೇ ಕೈಬಿಡುವುದು ಇನ್ನೊಂದು. ಮಸ್ಕಿಯ ಮತದಾರರು ಈ ಭೇದವನ್ನು ಬಲ್ಲರೆಂದು ನಾನು ತಿಳಿದಿದ್ದೇನೆ. ಮತ ನಾಯಕನ ಸೊತ್ತಲ್ಲ. ಜನ ನಂಬಿ ಇಟ್ಟ ಇಡುಗಂಟು. ಬದಲಾದವನು ಏಕೆ ಬದಲಾದೆನೆಂದು ಅದನ್ನು ಇಟ್ಟವರಿಗೆ ಹೇಳಬೇಕು. ಆ ಬಂಡೆ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಹೇಳುತ್ತಿರುವುದೂ ಅದನ್ನೇ ಅಲ್ಲವೆ?