ಮಂಗಳೂರಿಗೆ ಎಷ್ಟು ಹೊತ್ತು?

ಭೂಪಟದ ಮೇಲೆ ಅಡಿಪಟ್ಟಿ ಇಟ್ಟರೆ ಮಂಗಳೂರಿನಿಂದ ಬೆಂಗಳೂರಿಗೆ ಒಂದೇ ಗೆರೆ. ಎರಡೂ ಊರು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲೇ ಇವೆ. ವಿಮಾನ ಸೀದಾ ಪೂರ್ವಕ್ಕೆ ಸುಮಾರು 300 ಕಿ.ಮೀ. ಹಾರಿದರೆ ಮುಗಿಯಿತು. ನೆಲದ ಮೇಲೆ ಹೋಗುವವರಿಗೆ ಮಾತ್ರ ನಡುವೆ ಘಟ್ಟ ಅಡ್ಡ.

ನನ್ನ ಅಜ್ಜನಿಗೆ ಬೆಂಗಳೂರು ಬೇಕೇ ಇರಲಿಲ್ಲ. 1956ರ ತನಕ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1907ರಲ್ಲಿ ಮಂಗಳೂರಿಗೆ ಬಂದ ರೈಲು ಕೂಡ ಮಲಬಾರಿಗಿಳಿದು, ಪಾಲಕ್ಕಾಡು ದಾಟಿ ಮದ್ರಾಸಿನ ದಾರಿ ಹಿಡಿಯುತ್ತಿತ್ತು. ‘ಘಟ್ಟದ ಮೇಲಿನವರು’ ಅಂದರೆ ಅಜ್ಜನ ಲೆಕ್ಕದಲ್ಲಿ ಬೇರೆ ರಾಜ್ಯದವರು. ಹಾಗೆ ನೋಡಿದರೆ ಅದು ನಿಜವೂ ಹೌದು.

1951ರ ಡಿಸೆಂಬರ್ 25ರಂದು ಬಜ್ಪೆಯ ಗುಡ್ಡದ ಮೇಲೆ ನೆಹರೂ ಅವರ ಡಕೋಟ ವಿಮಾನ ಇಳಿಯಿತು. ನಿಲ್ದಾಣ ಶುರುವಾದದ್ದು ಹಾಗೆ. ಹನ್ನೊಂದು ವರ್ಷದ ಅಪ್ಪ ಬರಿಗಾಲಲ್ಲಿ ಗುಡ್ಡ ಹತ್ತಿ ನೋಡಿ ಬಂದಿದ್ದರಂತೆ. ನೆಹರೂ ಬಗ್ಗೆ ಕೇಳಿದರೆ ‘ಬೆಳ್ಳಗಿದ್ದರು’ ಎನ್ನುವುದರಾಚೆ ಮಾತಿಲ್ಲ. ವಿಮಾನದ ಬಗ್ಗೆ ಮಾತ್ರ ಕೊನೆಯವರೆಗೂ ಹೇಳಿದರು: ಬಾಲ ನೆಲಕ್ಕೂರಿ ಕೂತ ನಾಯಿಯ ಹಾಗೆ ಮೂತಿ ಮೇಲೆತ್ತಿಕೊಂಡು ನಿಂತಿತ್ತಂತೆ. ಡಕೋಟದ ಹಳೆಯ ಚಿತ್ರ ನೋಡಿದಾಗೆಲ್ಲ ಈಗ ನನಗೂ ನಾಯಿಯೇ ಕಾಣುತ್ತದೆ.

ಅಪ್ಪ ವಿಮಾನ ಹತ್ತಲೇ ಇಲ್ಲ. ಅವರದೇನಿದ್ದರೂ ಶಿರಾಡಿ ಘಾಟಿಯ ಬಸ್ಸು. 1979ರಲ್ಲಿ ಹಾಸನದಿಂದ ಮೀಟರ್‌ಗೇಜ್ ರೈಲು ಬಂದ ಮೇಲೆ ಅದಕ್ಕೆ ಒಲಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗ. ಅಷ್ಟನ್ನೂ ಒಮ್ಮೆ ಎಣಿಸಬೇಕೆಂಬುದು ಅವರ ಹಟ. ಪ್ರತಿ ಸಲ ಇಪ್ಪತ್ತರ ಹತ್ತಿರ ನಿದ್ದೆ. 1996ರಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆಂದು ಹಳಿ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಎಣಿಸುವವರು ಇರಲಿಲ್ಲ.

ನಾನು ವಿಮಾನ ಹತ್ತಿದೆ. ಜಯನಗರದ ಮನೆಯಿಂದ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ಆಟೋ ಸಾಕಾಗುತ್ತಿತ್ತು. 2008ರ ಮೇ 24ರಿಂದ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಆಕಾಶದಲ್ಲಿ ಒಂದು ಗಂಟೆಯೂ ಇಲ್ಲ, ನಿಜ. ಆದರೆ ಹೆಬ್ಬಾಳ ದಾಟುವ ಹೊತ್ತು, ತಪಾಸಣೆಯ ಸಾಲು, ಬಜ್ಪೆಯಿಂದ ಗುಡ್ಡ ಇಳಿಯುವ ತಿರುವು ಎಲ್ಲ ಕೂಡಿಸಿದರೆ ಮನೆಯಿಂದ ಮನೆಗೆ ಐದು ಗಂಟೆ. ರಾತ್ರಿ ಬಸ್ಸಿಗೆ ಎಂಟು. ಅದರಲ್ಲಿ ಆರು ಗಂಟೆ ನಾನು ನಿದ್ದೆಯಲ್ಲಿರುತ್ತೇನೆ. ಅವನ್ನು ಪ್ರಯಾಣಕ್ಕೆ ಯಾಕೆ ಸೇರಿಸಬೇಕು? ಹೆಂಡತಿ ಈ ಲೆಕ್ಕ ಒಪ್ಪುವುದಿಲ್ಲ.

ಮುಂದಿನ ವಾರ ಊರಲ್ಲಿ ಕೋಲ. ಅವಳಿಗೆ ವಿಮಾನದ ಟಿಕೆಟು, ನನಗೆ ಸ್ಲೀಪರ್ ಬಸ್ಸು.