ದೀಪಾವಳಿಗೆ ಮನೆಯಲ್ಲೇ ಮಾಡುವ ಸಹಜ ಅಲಂಕಾರ: ಜೀವದಯೆಯ ಕ್ರಮ

ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನವನ್ನು ಜೈನರು ದೀಪಾವಳಿಯಾಗಿ ಆಚರಿಸುತ್ತಾರೆ. ಅಮಾವಾಸ್ಯೆಯ ಬೆಳಗಿನ ಜಾವ ಬಸದಿಗಳಲ್ಲಿ ನಿರ್ವಾಣ ಪೂಜೆ ನಡೆಯುತ್ತದೆ. ಮರುದಿನ ವೀರನಿರ್ವಾಣ ಸಂವತ್ಸರ ಆರಂಭ. ಈ ಹಬ್ಬಕ್ಕೆ ಪ್ಲಾಸ್ಟಿಕ್ ಹೂ, ಥರ್ಮಾಕೋಲ್ ಬಿಟ್ಟು ಎಲೆ, ಹಿಟ್ಟು, ಹತ್ತಿಯಿಂದ ಮನೆ ಸಿಂಗರಿಸುವುದು ಒಳ್ಳೆಯದೇ. ಆದರೆ ವಸ್ತು ಸಹಜವಾದ ಮಾತ್ರಕ್ಕೆ ಅಲಂಕಾರ ಅಹಿಂಸೆಯದಾಗುವುದಿಲ್ಲ. ಮಳೆಗಾಲ ಮುಗಿಯುವ ಈ ದಿನಗಳಲ್ಲಿ ಹುಳುಹುಪ್ಪಟೆ ಹೆಚ್ಚು. ಆದ್ದರಿಂದ ಕೆಲವು ಎಚ್ಚರಿಕೆ ಅಗತ್ಯ.

ತೋರಣ

ಗಿಡಮರವೂ ಏಕೇಂದ್ರಿಯ ಜೀವ. ಕೊಂಬೆ ಮುರಿಯದೆ ಬೇಕಾದಷ್ಟೇ ಎಲೆ ಕೀಳಬೇಕು; ಒಂದು ಬಾಗಿಲಿಗೆ 11 ಅಥವಾ 21 ಮಾವಿನ ಎಲೆ ಸಾಕು. ಹಗಲು ಬೆಳಕಿನಲ್ಲಿ ಕಿತ್ತು, ಹಿಂಬದಿಯನ್ನು ನೋಡಿ, ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಕೆಂಜಿರುವೆಗಳು ಮಾವಿನ ಎಲೆಗಳನ್ನೇ ಹೆಣೆದು ಗೂಡು ಕಟ್ಟುತ್ತವೆ. ಅಂಥ ಕೊಂಬೆಯನ್ನು ಮುಟ್ಟಬಾರದು. ಪೋಣಿಸಲು ಹತ್ತಿ ದಾರ ಅಥವಾ ತೆಂಗಿನ ನಾರು ಬಳಸಿ. ರೇಷ್ಮೆ ದಾರ, ರೇಷ್ಮೆ ಬಟ್ಟೆ ಬೇಡ. ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದೇ ಸಾಮಾನ್ಯವಾಗಿ ಎಳೆ ತೆಗೆಯುತ್ತಾರೆ.

ಅಡಿಕೆ ಹಾಳೆ ತಾನಾಗಿಯೇ ಬೀಳುತ್ತದೆ. ಅದನ್ನು ನೀರಿನಲ್ಲಿ ನೆನೆಸಿದರೆ ಕತ್ತರಿಗೆ ಬಗ್ಗುತ್ತದೆ. ಕಲಶ, ದರ್ಪಣ, ಛತ್ರ, ಚಾಮರ ಮುಂತಾದ ಅಷ್ಟಮಂಗಲಗಳ ಆಕಾರವನ್ನು ಮಕ್ಕಳೂ ಕತ್ತರಿಸಬಹುದು. ಅಂಟಿಗೆ ಆಯಾ ದಿನ ಕಾಯಿಸಿದ ಮೈದಾ ಗಂಜಿ ಸಾಕು.

ರಂಗೋಲಿ

ಹೊಸ್ತಿಲ ಮುಂದೆ ಅಕ್ಕಿ ಹಿಟ್ಟು ಹಾಕಿದರೆ ಇರುವೆಗಳು ಬರುತ್ತವೆ, ಹಬ್ಬದ ಓಡಾಟದಲ್ಲಿ ಕಾಲಿಗೆ ಸಿಕ್ಕಿ ಸಾಯುತ್ತವೆ. ಇರುವೆ ತ್ರೀಂದ್ರಿಯ ಜೀವ. ನಡೆದಾಡುವ ಕಡೆ ಕಲ್ಲಿನ ರಂಗೋಲಿ ಪುಡಿ ಬಳಸಿ, ಹಿಟ್ಟನ್ನು ಯಾರೂ ತುಳಿಯದ ಮೂಲೆಗೆ ಇಡಿ.

ಬಣ್ಣಗಳು ಹೀಗೆ:

• ಹಳದಿ: ಒಣ ಅರಿಸಿನದ ಪುಡಿ
• ಕೆಂಪು: ಅರಿಸಿನಕ್ಕೆ ತುಸು ಸುಣ್ಣದ ತಿಳಿನೀರು ಬೆರೆಸಿ ಒಣಗಿಸಿದ್ದು, ಇಲ್ಲವೇ ಕೆಮ್ಮಣ್ಣು
• ಹಸಿರು: ನೆರಳಲ್ಲಿ ಒಣಗಿಸಿದ ಕರಿಬೇವಿನ ಪುಡಿ
• ಕಪ್ಪು: ತೆಂಗಿನ ಚಿಪ್ಪಿನ ಇದ್ದಿಲು

ಬೀಟ್‌ರೂಟ್ ಕಂದಮೂಲವಾದ್ದರಿಂದ ಬೇಡ. ಸ್ವಸ್ತಿಕದ ನಾಲ್ಕು ತೋಳು ನಾಲ್ಕು ಗತಿ, ಮೇಲಿನ ಮೂರು ಚುಕ್ಕೆ ರತ್ನತ್ರಯ, ಅರ್ಧಚಂದ್ರ ಸಿದ್ಧಶಿಲೆ. ಇದನ್ನು ಕಾಲಿಗೆ ಸಿಗದ ಮಣೆಯ ಮೇಲೆ ಅಥವಾ ಗೋಡೆಯ ಪಕ್ಕದಲ್ಲಿ ಬರೆಯಬೇಕು.

ದೀಪ

ದೀಪಕ್ಕೆ ಬಂದು ಬೀಳುವ ಪತಂಗ ಚತುರಿಂದ್ರಿಯ ಜೀವ. ತೆರೆದ ಹಣತೆಗಳ ಉದ್ದ ಸಾಲಿಗಿಂತ ಗಾಜಿನ ಗೂಡಿನೊಳಗಿನ ಕೆಲವೇ ದೀಪ ಮೇಲು. ಹಣತೆಗಳ ಮೇಲೆ ಸಣ್ಣ ಕಣ್ಣಿನ ತಂತಿ ಜಾಲರಿಯನ್ನೂ ಮುಚ್ಚಬಹುದು. ಒಣ ಎಲೆ, ಹಾಳೆ, ಪರದೆಗಳಿಂದ ದೀಪ ದೂರವಿರಲಿ.

ಹಬ್ಬದ ನಂತರ

ಎಲೆ ಕೊಳೆತು ಹುಳು ಹಿಡಿಯುವ ಮೊದಲೇ ತೋರಣ ಬಿಚ್ಚಬೇಕು. ಅದನ್ನು ಸುಡಬಾರದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಬಾರದು. ಗಿಡದ ಬುಡದಲ್ಲಿ ಹರಡಬೇಕು. ಭತ್ತದ ತೆನೆಯ ತೋರಣ ಕಟ್ಟಿದವರು ಅದನ್ನು ಬೆಕ್ಕಿಗೆ ಎಟುಕದ ಎತ್ತರದಲ್ಲಿ ಹೊರಗೆ ತೂಗುಹಾಕಿದರೆ ಗುಬ್ಬಿಗಳಿಗೆ ಕೆಲವು ದಿನಗಳ ಆಹಾರವಾಗುತ್ತದೆ.