ಮುಕ್ತ ದತ್ತಾಂಶ ಮತ್ತು ಸ್ವತಂತ್ರ ತಂತ್ರಾಂಶದಿಂದ ಸಮುದ್ರತಳದ ಆಳದ ನಕ್ಷೆ: ಕರ್ನಾಟಕ ಕರಾವಳಿಯ ಉದಾಹರಣೆ

ಸಮುದ್ರತಳದ ಏರಿಳಿತಗಳನ್ನು ತೋರಿಸುವ ನಕ್ಷೆಯನ್ನು ಯಾವುದೇ ಶುಲ್ಕವಿಲ್ಲದೆ ಸಾಮಾನ್ಯ ಗಣಕಯಂತ್ರದಲ್ಲಿಯೇ ಸಿದ್ಧಪಡಿಸಬಹುದಾಗಿದೆ. ಇದಕ್ಕೆ ಬೇಕಾದ ದತ್ತಾಂಶವನ್ನು ಜೆಬ್ಕೊ ಎಂಬ ಅಂತಾರಾಷ್ಟ್ರೀಯ ಯೋಜನೆಯು ಒದಗಿಸುತ್ತದೆ. ಮೊನಾಕೊ ದೇಶದ ದೊರೆ ಒಂದನೆಯ ಆಲ್ಬರ್ಟ್ ಅವರ ಆಶ್ರಯದಲ್ಲಿ 1903ರಲ್ಲಿ ಆರಂಭವಾದ ಈ ಕಾರ್ಯವು, 2019ರಿಂದ 15 ಸೆಕೆಂಡ್ ಅಂತರದ ಜಾಗತಿಕ ಚೌಕಜಾಲವನ್ನು ಪ್ರಕಟಿಸುತ್ತಿದೆ. ಭೂಮಧ್ಯರೇಖೆಯ ಬಳಿ ಇದರ ಒಂದು ಚೌಕದ ಬದಿ ಸುಮಾರು 460 ಮೀಟರ್.

ನಕ್ಷೆ ತಯಾರಿಸುವ ಕ್ರಮ

ಕಾರವಾರದಿಂದ ಮಂಗಳೂರಿನವರೆಗಿನ ಕಡಲಿಗೆ 12ರಿಂದ 15 ಡಿಗ್ರಿ ಉತ್ತರ ಅಕ್ಷಾಂಶ ಹಾಗೂ 72ರಿಂದ 75 ಡಿಗ್ರಿ ಪೂರ್ವ ರೇಖಾಂಶದ ಭಾಗ ಸಾಕಾಗುತ್ತದೆ. ಅಡ್ಡಲಾಗಿ 720, ಉದ್ದಕ್ಕೆ 720, ಒಟ್ಟು 5,18,400 ಚೌಕಗಳು. ಈ ಭಾಗವನ್ನು ಜಿಯೋಟಿಫ್ ಕಡತವಾಗಿ ಪಡೆದು ಕ್ಯೂಜಿಐಎಸ್ ತಂತ್ರಾಂಶದಲ್ಲಿ ತೆರೆಯತಕ್ಕದ್ದು. ನೆಲದ ಎತ್ತರವು ಧನ ಸಂಖ್ಯೆಯಾಗಿಯೂ ಕಡಲಿನ ಆಳವು ಋಣ ಸಂಖ್ಯೆಯಾಗಿಯೂ ಇರುವುದರಿಂದ, ಬಣ್ಣಗಳನ್ನು ಸೊನ್ನೆಯಲ್ಲಿ ಬೇರ್ಪಡಿಸಬೇಕು. ದೂರವನ್ನು ಅಳೆಯಬೇಕಾದಲ್ಲಿ ಯುಟಿಎಂ 43 ಉತ್ತರ ವಲಯಕ್ಕೆ ಪರಿವರ್ತಿಸಿಕೊಳ್ಳುವುದು ಉಚಿತ.

ಸಮ ಆಳ ರೇಖೆಗಳನ್ನು ಎಳೆಯುವಾಗ ಒಂದೇ ಅಂತರವನ್ನು ಎಲ್ಲೆಡೆ ಬಳಸಿದರೆ ನಕ್ಷೆ ಕೆಡುತ್ತದೆ. ದಡದಿಂದ ಹಲವು ಕಿಲೋಮೀಟರುಗಳವರೆಗೆ ತಳವು ಬಹಳ ನಿಧಾನವಾಗಿ ಇಳಿಯುತ್ತದೆ. ಖಂಡಾವರಣದ ಅಂಚು ದಾಟಿದೊಡನೆ ಆಳವು ಸಾವಿರ ಮೀಟರನ್ನೂ ಮೀರುತ್ತದೆ. ಆದ್ದರಿಂದ 100 ಮೀಟರಿನವರೆಗೆ 10 ಮೀಟರಿಗೊಂದು, ಅದರಾಚೆ 200 ಮೀಟರಿಗೊಂದು ರೇಖೆ ಸೂಕ್ತ. ಜಿಡಿಎಎಲ್ ಸಾಧನದಲ್ಲಿ ಬೇಕಾದ ಆಳಗಳನ್ನು ಮಾತ್ರ ನಮೂದಿಸಬಹುದು. ನೆರಳು ಪದರವನ್ನು ಸೇರಿಸಿದಾಗ ಪಶ್ಚಿಮದಲ್ಲಿ ಮುಳುಗಿರುವ ಪೆದ್ರೊ ದಿಬ್ಬವೂ ಎದ್ದು ಕಾಣುತ್ತದೆ. ಆಳವನ್ನು ಮಾರುಗಳಲ್ಲಿ ತಿಳಿಯಬಯಸುವವರು ಮೀಟರನ್ನು 1.83ರಿಂದ ಭಾಗಿಸಬಹುದು.

ಅಳತೆ ಯಾವುದು, ಅಂದಾಜು ಯಾವುದು

ಸಿದ್ಧವಾದ ನಕ್ಷೆಯಲ್ಲಿ ಪ್ರತಿ ಚೌಕಕ್ಕೂ ಒಂದು ಅಂಕಿ ಇರುತ್ತದೆ. ಆದರೆ ಪ್ರತಿ ಚೌಕವನ್ನೂ ಯಾರೋ ಅಳೆದಿದ್ದಾರೆಂದು ಭಾವಿಸಲಾಗದು. ಹಡಗುಗಳು ಸಾಗದ ಕಡೆ, ಉಪಗ್ರಹಗಳು ಗುರುತಿಸಿದ ಗುರುತ್ವಾಕರ್ಷಣೆಯ ವ್ಯತ್ಯಾಸದಿಂದ ಆಳವನ್ನು ಊಹಿಸಲಾಗಿದೆ. ಸಮುದ್ರತಳದ ಪರ್ವತವು ತನ್ನ ಮೇಲಿನ ನೀರನ್ನು ಸ್ವಲ್ಪ ಉಬ್ಬಿಸುವುದೇ ಈ ವಿಧಾನದ ಆಧಾರ. ಚಿಕ್ಕ ಬಂಡೆಗಳು ಇದರಲ್ಲಿ ಕಾಣಿಸುವುದಿಲ್ಲ.

ಇದರಿಂದಾಗುವ ಅಪಾಯ ಕಲ್ಪಿತವಲ್ಲ. 2005ರ ಜನವರಿ 8ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಜಲಾಂತರ್ಗಾಮಿಯು ಗುವಾಮ್ ದ್ವೀಪದ ಆಗ್ನೇಯಕ್ಕೆ, ಬಳಸುತ್ತಿದ್ದ ನಕ್ಷೆಯಲ್ಲಿ ತೋರಿಸದಿದ್ದ ಸಮುದ್ರಪರ್ವತಕ್ಕೆ ಅಪ್ಪಳಿಸಿ ಒಬ್ಬ ನಾವಿಕ ಮೃತಪಟ್ಟರು.

ಜೆಬ್ಕೊ ದತ್ತಾಂಶದೊಡನೆ ಮೂಲ ಸೂಚಕ ಪದರವೂ ದೊರೆಯುತ್ತದೆ. ಅದರಲ್ಲಿ 10ರಿಂದ 17ರವರೆಗಿನ ಸಂಕೇತಗಳು ನೇರ ಅಳತೆಯನ್ನೂ, 40 ಉಪಗ್ರಹಾಧಾರಿತ ಅಂದಾಜನ್ನೂ ಸೂಚಿಸುತ್ತವೆ. ಹೆಚ್ಚಿನವರು ಈ ಪದರವನ್ನು ತೆರೆಯುವುದೇ ಇಲ್ಲ. ಅದನ್ನು ಅರೆಪಾರದರ್ಶಕವಾಗಿ ಹೊದಿಸಿದಲ್ಲಿ ನಕ್ಷೆಯ ಯಾವ ಭಾಗ ನಂಬಲರ್ಹ ಎಂಬುದು ತಕ್ಷಣ ತಿಳಿಯುತ್ತದೆ.

ಇಂತಹ ನಕ್ಷೆಯನ್ನು ಬೋಧನೆ, ಸಂಶೋಧನೆ ಮತ್ತು ಪ್ರಾಥಮಿಕ ಯೋಜನೆಗೆ ಬಳಸಬಹುದು. ದೋಣಿ ಅಥವಾ ಹಡಗು ನಡೆಸಲು ಬಳಸತಕ್ಕದ್ದಲ್ಲ. ನೌಕಾನಕ್ಷೆಯ ಆಳಗಳನ್ನು ಅತಿ ಕೆಳಗಿನ ಇಳಿತದ ಸಮೀಪದ ಮಟ್ಟದಿಂದ ಎಣಿಸಿದರೆ, ಜೆಬ್ಕೊ ಅಂಕಿಗಳನ್ನು ಸರಾಸರಿ ಸಮುದ್ರಮಟ್ಟದಿಂದ ಎಣಿಸಿದವೆಂದು ಪರಿಗಣಿಸಲಾಗುತ್ತದೆ. ಅಳಿವೆಗಳಂತಹ ಆಳವಿಲ್ಲದೆಡೆ ಈ ವ್ಯತ್ಯಾಸವೇ ದೋಣಿಯನ್ನು ತಳಕ್ಕೆ ತಾಗಿಸಬಲ್ಲದು. ನೌಕಾಯಾನಕ್ಕೆ ಅಧಿಕೃತ ನಕ್ಷೆಗಳನ್ನು ಡೆಹ್ರಾಡೂನ್‌ನಲ್ಲಿರುವ ರಾಷ್ಟ್ರೀಯ ಜಲಮಾಪನ ಕಚೇರಿಯು ಪ್ರಕಟಿಸುತ್ತದೆ.